ಪ್ರಿನ್ಸಿಪಾಲರ ಮನೆಯವರು

ಬಿಷಪ್ಪರು ಬರುತ್ತಾರೆಂದು ಫೋನು ಬಂದ ಕೂಡಲೇ ಇತಿಹಾಸದ ಮೇಷ್ಟ್ರು ಗಡ್ಡ ಬೋಳಿಸಿಕೊಂಡು, ಹೊಸ ಕೋಟು ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಕುಳಿತರು. ಹಳೆಯ ಪ್ರಿನ್ಸಿಪಾಲರು ನಿವೃತ್ತರಾಗುವ ಸುದ್ದಿ ಹೊರಬಿದ್ದ ವಾರವೇ ಅವರು ದರ್ಜಿಯ ಹತ್ತಿರ ಹೋಗಿ ಅಳತೆ ಕೊಟ್ಟು ಬಂದಿದ್ದರು. ಈಗ ಯಾಕೆ ಕೋಟು ಎಂದು ಹೆಂಡತಿ ಕೇಳಿದ್ದಕ್ಕೆ, ಹಳೆಯದು ಭುಜದ ಹತ್ತಿರ ಹಿಡಿಯುತ್ತದೆ ಎಂದಿದ್ದರು. ಹಳೆಯದು ಹೊಲಿಸಿದ ದಿನದಿಂದಲೂ ಭುಜದ ಹತ್ತಿರ ಹಿಡಿಯುತ್ತಲೇ ಇತ್ತು.

ಅವರು ಆಸೆಪಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಚರ್ಚು ಕಟ್ಟಿಸಿದ ಆ ಸಣ್ಣ ಕಾಲೇಜಿನಲ್ಲಿ ಅವರಿಗಿಂತ ಹಿರಿಯ ಅಧ್ಯಾಪಕರು ಯಾರೂ ಉಳಿದಿರಲಿಲ್ಲ. ಕಾಲೇಜು ಎಂದರೆ ಮೂರು ಕಟ್ಟಡ, ನಡುವೆ ಪ್ರಾರ್ಥನೆಗೊಂದು ಚಾಪೆಲ್, ಮುಖ ನೋಡಿ ಹೆಸರು ಹೇಳಬಹುದಾದಷ್ಟು ವಿದ್ಯಾರ್ಥಿಗಳು. ವಿಜ್ಞಾನ ಓದುವವನೂ ಒಂದಿಷ್ಟು ಇತಿಹಾಸ ಓದಬೇಕು, ಇತಿಹಾಸ ಓದುವವಳೂ ಒಂದು ವರ್ಷ ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಳ್ಳಬೇಕು, ಎಲ್ಲರೂ ಬೆಳಗಿನ ಪ್ರಾರ್ಥನೆಯಲ್ಲಿ ಆಕಳಿಕೆ ತಡೆದುಕೊಂಡು ಕೂರಬೇಕು. ಇದು ಅಲ್ಲಿಯ ಕ್ರಮ. ಮನುಷ್ಯ ಒಂದೇ ಕಡೆಗೆ ಬೆಳೆಯಬಾರದು, ಸುತ್ತಲೂ ಬೆಳೆಯಬೇಕು ಎನ್ನುವುದು ಕಾಲೇಜು ಕಟ್ಟಿದವರ ಆಸೆ. ಸುತ್ತಲೂ ಬೆಳೆದವರೆಂದರೆ ಸದ್ಯಕ್ಕೆ ಕ್ಯಾಂಟೀನಿನವರೊಬ್ಬರೇ ಎಂದು ವಿದ್ಯಾರ್ಥಿಗಳು ಹೇಳಿಕೊಂಡು ನಗುತ್ತಿದ್ದರು.

ಬಿಷಪ್ಪರು ಬಂದರು. ದೊಡ್ಡ ಆಳು, ಸಣ್ಣ ದನಿ. ಕೂತು ನೀರು ಕುಡಿದು, ಆಡಳಿತ ಮಂಡಳಿ ಬಹಳ ಯೋಚಿಸಿ, ಪ್ರಾರ್ಥನೆಯನ್ನೂ ಮಾಡಿ, ಈ ಸಲ ಕಾಲೇಜಿನ ಹೊಣೆಯನ್ನು ಈ ಮನೆಗೇ ಒಪ್ಪಿಸಬೇಕೆಂದು ತೀರ್ಮಾನ ಮಾಡಿದೆ ಎಂದರು. ಮೇಷ್ಟ್ರು ತಲೆ ತಗ್ಗಿಸಿದರು. ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಅಷ್ಟು ದೊಡ್ಡ ಹೊಣೆಗೆ ನಾನು ಯೋಗ್ಯನೋ ಅಲ್ವೋ, ದೇವರಿಗೇ ಗೊತ್ತು."

ಬಿಷಪ್ಪರು ಅವರ ಭುಜದ ಮೇಲೆ ಕೈಯಿಟ್ಟರು. "ಹಾಗೆಲ್ಲ ಅಂದ್ಕೋಬೇಡಿ. ನಿಮ್ಮ ಬೆಂಬಲ ಇಲ್ದೆ ಅವರೊಬ್ಬರೇ ಹೇಗೆ ಮಾಡ್ತಾರೆ? ಎಲ್ಲಿ, ಮೇಡಂ ಇನ್ನೂ ಕಾಲೇಜಿಂದ ಬಂದಿಲ್ವಾ?"

ಮೇಡಂ ಎಂದರೆ ಮೇಷ್ಟ್ರ ಹೆಂಡತಿ. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ್ದರಲ್ಲಿ, ಎತ್ತರದಲ್ಲಿ ಮೂರರಲ್ಲೂ ಗಂಡನಿಗಿಂತ ಕಿರಿಯರು. ಅವರು ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಬೆರಳ ತುದಿಯಲ್ಲಿ ಆಸಿಡ್ಡಿನ ಹಳದಿ ಕಲೆ ಇನ್ನೂ ಹಾಗೇ ಇತ್ತು. ಬಿಷಪ್ಪರು ಎದ್ದು ಅವರ ಕೈ ಕುಲುಕಿದರು. ಹೆಂಡತಿಯ ಮುಖದಲ್ಲಿ ಸಂಕೋಚ ಕಂಡಿತೇ ಹೊರತು ಆಶ್ಚರ್ಯ ಕಾಣಲಿಲ್ಲ. ಅದನ್ನು ಮೇಷ್ಟ್ರು ಗಮನಿಸಿದರು. ಅವಳಿಗೆ ಮೊದಲೇ ಗೊತ್ತಿತ್ತು.

ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಅತ್ತೆ, ಅಂದರೆ ಮೇಡಂ ಅವರ ತಾಯಿ, ಬಿಷಪ್ಪರ ಕಾರು ಹೋದ ಮೇಲೆ ಮೆಲ್ಲಗೆ ಹೇಳಿದರು. "ಅಳಿಯಂದಿರೇ, ಕೋಟು ಬಿಚ್ಚಿಡಿ. ಸೆಕೆ."

*

ಪ್ರಿನ್ಸಿಪಾಲರಿಗೆಂದು ಚಾಪೆಲ್ಲಿನ ಪಕ್ಕದಲ್ಲೇ ಒಂದು ಹಳೆಯ ಬಂಗಲೆ ಇತ್ತು. ಅದನ್ನು ಬಿಟ್ಟುಕೊಡುವ ದಿನ ಹಳೆಯ ಪ್ರಿನ್ಸಿಪಾಲರು ಹೊಸ ಪ್ರಿನ್ಸಿಪಾಲರನ್ನು ಆಫೀಸಿಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಮೇಷ್ಟ್ರನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಆಕೆಯನ್ನು ಇಡೀ ಕಾಲೇಜು ದೊಡ್ಡಮ್ಮ ಎಂದೇ ಕರೆಯುತ್ತಿತ್ತು. ಬಿಳಿ ಕೂದಲು, ಚುರುಕು ಕಣ್ಣು. ಬಕೆಟ್ಟಿನಷ್ಟು ದೊಡ್ಡದಾದ ಒಂದು ಕೆಟಲನ್ನು ತೋರಿಸಿ, ಇದು ಶುಕ್ರವಾರದ ಚಹಾಕ್ಕೆ ಎಂದರು. ತಿಂಗಳ ಎರಡನೇ ಶುಕ್ರವಾರ ಸಂಜೆ ಅಧ್ಯಾಪಕರೆಲ್ಲ ಈ ಮನೆಗೆ ಚಹಾಕ್ಕೆ ಬರುವ ಪದ್ಧತಿ. ಶನಿವಾರ ಸಂಜೆ ಚಾಪೆಲ್ಲಿಗೆ ಹೂವು ಜೋಡಿಸಬೇಕು. ಮಂಡಳಿಯವರು ಬಂದರೆ ಹಿಂದಿನ ಕೋಣೆಯಲ್ಲಿ ಉಳಿಸಿಕೊಳ್ಳಬೇಕು. ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ನೋಡಿಕೊಂಡು ಬರಬೇಕು. ಇವೆಲ್ಲ ಪ್ರಿನ್ಸಿಪಾಲರ ಹೆಂಡತಿಯ ಕೆಲಸ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಈಗ ಪ್ರಿನ್ಸಿಪಾಲರಿಗೆ ಹೆಂಡತಿ ಇಲ್ಲವಲ್ಲ ಎಂದರು.

"ಮನೆಯವರು ಇದ್ದಾರಲ್ಲ," ಎಂದು ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಹೂವು ಜೋಡಿಸೋಕೆ ಬರುತ್ತಾ?"

"ನಾನು ಇತಿಹಾಸ ಹೇಳಿಕೊಡೋನು, ದೊಡ್ಡಮ್ಮ."

"ಪರವಾಗಿಲ್ಲ. ಕಲೀಬಹುದು."

ಆ ಶನಿವಾರ ಮೇಷ್ಟ್ರು ಕೋಟೆ ಕಟ್ಟುವ ಉತ್ಸಾಹದಿಂದ ಹೂವು ಜೋಡಿಸಿದರು. ಉದ್ದ ದಂಟಿನವು ಹೊರಗೋಡೆಯಾಗಿ, ಗಿಡ್ಡವು ಒಳಗೋಡೆಯಾಗಿ, ನಾಲ್ಕು ಮೂಲೆಗೆ ನಾಲ್ಕು ಬುರುಜು. ಭಾನುವಾರ ಕಾಲೇಜಿನ ಪಾದ್ರಿಗಳು ಬಂದು ಹೂಗಳ ಹಿಂದೆ ನಿಂತರು. ಪಾದ್ರಿಗಳು ಗಿಡ್ಡ. ಪ್ರವಚನ ಮುಗಿಯುವವರೆಗೂ ಸಭೆಗೆ ದನಿ ಕೇಳಿಸಿತು, ಮುಖ ಕಾಣಲಿಲ್ಲ. ಹಿಂದಿನ ಸಾಲಿನ ಹುಡುಗಿಯರು ತುಟಿ ಕಚ್ಚಿಕೊಂಡು ಕೂತಿದ್ದರು. ಬೈಬಲ್ಲಿನ ಕಥೆಯಂತೆ ಪೊದೆಯೊಳಗಿಂದ ದೇವರೇ ಮಾತಾಡಿದ ಹಾಗಿತ್ತು ಎಂದು ಹೊರಗೆ ಬಂದ ಮೇಲೆ ಯಾರೋ ಅಂದದ್ದು ಮೇಷ್ಟ್ರ ಕಿವಿಗೂ ಬಿತ್ತು.

ಶುಕ್ರವಾರದ ಮೊದಲ ಚಹಾ ಇನ್ನೂ ಕೆಟ್ಟದಾಗಿ ಹೋಯಿತು. ಪಾದ್ರಿಗಳಿಗೂ ತತ್ವಶಾಸ್ತ್ರದ ಮೇಷ್ಟ್ರಿಗೂ ಮಾತು ನಿಂತು ವರ್ಷಗಳಾಗಿದ್ದವು. ಕಾಲೇಜಿನಲ್ಲಿ ಇಬ್ಬರೂ ಕೂರುವ ಕೋಣೆಗೆ ಒಂದೇ ಒಂದು ಕಿಟಕಿ. ಒಬ್ಬರಿಗೆ ಅದು ತೆರೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಜಗಳ ಅಷ್ಟಕ್ಕೇ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೂ ಮೇಷ್ಟ್ರು ಗಡಿಬಿಡಿಯಲ್ಲಿ ಅವರಿಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಒಂದೇ ಸಕ್ಕರೆ ಡಬ್ಬಿ ಇಟ್ಟರು. ಡಬ್ಬಿ ತತ್ವಶಾಸ್ತ್ರದವರ ಕೈಗೆ ಮೊದಲು ಸಿಕ್ಕಿತು. ಪಾದ್ರಿಗಳು ಕೇಳಲಿಲ್ಲ, ಅವರು ಕೊಡಲಿಲ್ಲ. ಪಾದ್ರಿಗಳು ಸಕ್ಕರೆಯಿಲ್ಲದ ಚಹಾವನ್ನು ಹುತಾತ್ಮರಂತೆ ಕುಡಿದರು. ತತ್ವಶಾಸ್ತ್ರದವರು ಬರೀ ಛಲಕ್ಕೆ ಮತ್ತೆರಡು ಚಮಚ ಹಾಕಿಕೊಂಡು, ಕುಡಿಯಲಾರದೆ ಒದ್ದಾಡಿದರು.

ಕಾಲೇಜಿನ ಸಭೆಗಳಲ್ಲಿ ಬೇರೆಯೇ ತೊಡಕು. ಮೊದಲ ಸಭೆಯಲ್ಲೇ ಮೇಷ್ಟ್ರು ಎದ್ದು ನಿಂತು, "ನೀನು ಆಗಲೇ ಹೇಳಿದ ಹಾಗೆ" ಎಂದುಬಿಟ್ಟರು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು, ಇತಿಹಾಸ ವಿಭಾಗದವರು ಏನೋ ಹೇಳುತ್ತಿದ್ದರು ಎಂದರು. ಇತಿಹಾಸ ವಿಭಾಗದವರಿಗೆ ಹೇಳಬೇಕಾದ್ದೇ ಮರೆತುಹೋಗಿತ್ತು. ಆ ಸಂಜೆಯೆಲ್ಲ ಅವರು ಮೇಡಂ, ತಾವು, ತಮ್ಮ ಎಂದು ಬಾಯಿಪಾಠ ಮಾಡಿದರು. ಮರುದಿನ ತಿಂಡಿಗೆ ಕೂತಾಗ, "ಮೇಡಂ, ಉಪ್ಪು ಸ್ವಲ್ಪ ಈ ಕಡೆ" ಎಂದರು. ಅತ್ತೆಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು.

*

ಆದರೆ ಮೇಷ್ಟ್ರು ಸೋತು ಕೂರುವ ಜಾತಿಯವರಲ್ಲ. ಪ್ರಿನ್ಸಿಪಾಲರಾಗಬೇಕೆಂದು ಕೂಡಿಟ್ಟುಕೊಂಡಿದ್ದ ಹುಮ್ಮಸ್ಸನ್ನೆಲ್ಲ ಅಡುಗೆಮನೆಗೆ ಸುರಿದರು. ಅತ್ತೆಯ ಹತ್ತಿರ ಕೇಕು ಬೇಯಿಸುವುದನ್ನು ಕಲಿತರು. ಮೊದಲನೆಯದು ಇಟ್ಟಿಗೆಯಾಯಿತು, ಎರಡನೆಯದು ಮಣ್ಣಾಯಿತು, ಮೂರನೆಯದನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡವರಿದ್ದರು. ಯಾರ ಪಕ್ಕದಲ್ಲಿ ಯಾರನ್ನು ಕೂರಿಸಬಾರದೆಂದು ತಿಳಿದುಕೊಂಡರು. ಸಕ್ಕರೆ ಡಬ್ಬಿಗಳು ಮೂರಾದವು. ಹೂವು ಪಾದ್ರಿಗಳ ಎದೆಮಟ್ಟಕ್ಕೆ ಇಳಿಯಿತು.

ಹೀಗೆ ಎರಡು ಮೂರು ತಿಂಗಳಾಗುವಷ್ಟರಲ್ಲಿ ಒಂದು ಹೊಸ ಸಂಗತಿ ಅವರ ಗಮನಕ್ಕೆ ಬಂತು. ಜನ ಅಡುಗೆಮನೆಯ ಬಾಗಿಲಿಗೆ ಬರತೊಡಗಿದ್ದರು. ಆಫೀಸಿಗೆ ಹೋದರೆ ಮೇಡಂ ಎದುರು ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಮೇಡಂ ಮುಖವೆತ್ತಿ ಪೂರ್ತಿ ಕೇಳಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಅಡುಗೆಮನೆಯಲ್ಲಿ ಹಾಗಲ್ಲ. ಸ್ಟೂಲಿನ ಮೇಲೆ ಕೂತು, ಬಿಸ್ಕತ್ತು ಅದ್ದಿಕೊಂಡು, ಬೇಕಾದಷ್ಟು ಹೊತ್ತು ಗೋಳು ಹೇಳಿಕೊಳ್ಳಬಹುದು. ಸಸ್ಯಶಾಸ್ತ್ರದವರು ಮಾಲಿಯ ಮೇಲೆ ದೂರು ತಂದರು. ಲೈಬ್ರರಿಯವರು ತಮ್ಮ ಮಗಳಿಗೆ ಗಂಡು ಸಿಗದ ಕಷ್ಟ ಹೇಳಿಕೊಂಡರು. ಮೇಷ್ಟ್ರ ಕಿವಿಗೆ ಒಂದು ಮಾತು ಹಾಕಿಬಿಟ್ಟರೆ ಕೆಲಸ ಆದಂತೆಯೇ ಎಂಬ ನಂಬಿಕೆ ಹೇಗೋ ಹುಟ್ಟಿಕೊಂಡಿತು. ಮೇಷ್ಟ್ರು ಅದನ್ನು ಅಲ್ಲಗಳೆಯಲಿಲ್ಲ. ನಿಜ ಹೇಳಬೇಕೆಂದರೆ, ಅವರಿಗೆ ಅದು ಹಿತವಾಗಿತ್ತು. ಮುಂಬಾಗಿಲಿನಲ್ಲಿ ತಪ್ಪಿಹೋದದ್ದು ಹಿಂಬಾಗಿಲಿನಲ್ಲಿ ಬಂದು ಕೈಸೇರಿದ ಹಾಗಿತ್ತು.

ಒಂದು ಮಧ್ಯಾಹ್ನ ಸಂಗೀತದ ಟೀಚರು ಬಂದರು. ಮೇಷ್ಟ್ರು ಸೂಪಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಟೀಚರು ತಾವೂ ಒಂದು ಚಾಕು ತೆಗೆದುಕೊಂಡು ಎದುರು ಕೂತರು. ನಲವತ್ತು ದಾಟಿದ, ತೆಳ್ಳಗಿನ, ನಡೆಯುವಾಗಲೂ ತಾಳ ತಪ್ಪದ ಹೆಂಗಸು. ಆ ವರ್ಷ ಸಂಗೀತವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡವರು ಮೂವರೇ. ಅವರಲ್ಲೊಬ್ಬ ಬೇರೆಲ್ಲೂ ಸೀಟು ಸಿಗದೆ ಬಂದವನು. ತೋಟದ ಕಡೆಗಿದ್ದ ಸಂಗೀತದ ಕೋಣೆ ದೊಡ್ಡದು, ಬೆಳಕಿನದು. ಅದರ ಮೇಲೆ ಕಂಪ್ಯೂಟರ್ ವಿಭಾಗದವರ ಕಣ್ಣು ಬಿದ್ದಿತ್ತು. ವಿಭಾಗವನ್ನೇ ಮುಚ್ಚಿಬಿಡುವುದು ಒಳ್ಳೆಯದೆಂದು ಮಂಡಳಿ ಸೂಚಿಸಿತ್ತು. ಮೇಡಂ ಇನ್ನೂ ಏನೂ ಹೇಳಿರಲಿಲ್ಲ.

ಟೀಚರು ಇದನ್ನೆಲ್ಲ ಹೇಳುತ್ತ ಹೋದಂತೆ ಕಣ್ಣೀರು ಇಳಿಯತೊಡಗಿತು. ಅದು ದುಃಖದ್ದೋ ಈರುಳ್ಳಿಯದೋ ಮೇಷ್ಟ್ರಿಗೆ ತಿಳಿಯಲಿಲ್ಲ. ಅವರ ಕಣ್ಣಲ್ಲೂ ಆಗಲೇ ನೀರು ಸುರಿಯುತ್ತಿತ್ತು. ಇಬ್ಬರೂ ಹೀಗೆ ಅಳುತ್ತ ಕೂತಿರುವಾಗ ಸುಮ್ಮನಿರುವುದು ಕಲ್ಲುಹೃದಯದವರಿಗೆ ಮಾತ್ರ ಸಾಧ್ಯ.

"ನಿಮ್ಮ ವಿಭಾಗಕ್ಕೆ ಏನೂ ಆಗಲ್ಲಮ್ಮ," ಎಂದರು ಮೇಷ್ಟ್ರು. "ನಾನಿದ್ದೀನಲ್ಲ. ಧೈರ್ಯವಾಗಿರಿ."

ಟೀಚರು ಮೂಗೊರೆಸಿಕೊಂಡು ಹೋದರು. ಮೇಷ್ಟ್ರು ಆ ದಿನವಿಡೀ ತಮ್ಮನ್ನು ತಾವೇ ಮೆಚ್ಚಿಕೊಂಡು ಓಡಾಡಿದರು.

ವಾರ ಕಳೆಯುವುದರೊಳಗೆ ಅಧ್ಯಾಪಕರ ಸಭೆ ಬಂತು. ಸಂಗೀತ ವಿಭಾಗದ ಪ್ರಶ್ನೆಯನ್ನು ಮೇಡಂ ಮುಂದಿಟ್ಟರು. ಮಂಡಳಿಯ ಅಭಿಪ್ರಾಯ ಹೀಗಿದೆ, ತಮ್ಮ ತೀರ್ಮಾನ ಇನ್ನೂ ಆಗಿಲ್ಲ, ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಬೇಕು ಎಂದರು. ಆಮೇಲೆ ತತ್ವಶಾಸ್ತ್ರದ ಮೇಷ್ಟ್ರು ಎದ್ದು ನಿಂತರು. ಪ್ರತಿಯೊಂದು ಮಾತನ್ನೂ ಜೇನಿನಲ್ಲಿ ಅದ್ದಿ ಹೇಳುವುದು ಅವರ ಅಭ್ಯಾಸ.

"ನಾವು ಮಾತಾಡೋದು ಇನ್ನೇನಿದೆ ಮೇಡಂ? ಈ ವಿಷಯ ಅಡುಗೆಮನೆಯಲ್ಲಿ ಆಗಲೇ ತೀರ್ಮಾನ ಆಗಿದೆಯಲ್ಲ."

ಕೆಲವರು ನಕ್ಕರು. ಸಂಗೀತದ ಟೀಚರು ತಲೆ ತಗ್ಗಿಸಿದರು. ಮೇಡಂ ಅವರ ಕಣ್ಣು ಸಾಲುಗಳನ್ನು ದಾಟಿಕೊಂಡು ಬಂದು ಗಂಡನ ಮೇಲೆ ನಿಂತಿತು. ಮೇಷ್ಟ್ರಿಗೆ ಆ ಗಳಿಗೆಯಲ್ಲಿ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಮೇಡಂ ಮಾತ್ರ ದನಿ ಏರಿಸದೆ, ಹಾಗಾದರೆ ಚರ್ಚೆಯನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಎಂದು ಹೇಳಿ ಮುಗಿಸಿದರು.

*

ಅಂದು ಊಟವಾದ ಮೇಲೆ ಮೇಷ್ಟ್ರು ಪಾತ್ರೆ ತೊಳೆದರು, ಮೇಡಂ ಒರೆಸಿಟ್ಟರು. ಅತ್ತೆ ಹೊತ್ತಿಗೆ ಮುಂಚೆಯೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಯಾವಾಗ ಕಿವಿ ಕೇಳಿಸಬಾರದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಕಾಲೇಜು ನಡೆಸ್ತಿರೋದು ನಾನಾ, ನೀವಾ?" ಎಂದು ಮೇಡಂ ಕೇಳಿದರು. ಸಿಟ್ಟಿನ ದನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ.

ಮೇಷ್ಟ್ರು ಒಂದೇ ತಟ್ಟೆಯನ್ನು ಬಹಳ ಹೊತ್ತು ಉಜ್ಜಿದರು. ಆಮೇಲೆ, ಇಷ್ಟು ದಿನ ಕೇಳಬಾರದೆಂದು ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟರು.

"ಬಿಷಪ್ಪರು ನಿನ್ನನ್ನ ಮೊದಲೇ ಕೇಳಿದ್ರು ಅಲ್ವಾ? ನೀನು ಒಪ್ಪಿಕೊಂಡೆ. ನನಗೊಂದು ಮಾತು ಹೇಳಲಿಲ್ಲ."

ಮೇಡಂ ಬಟ್ಟೆಯನ್ನು ಕೆಳಗಿಟ್ಟರು. "ಹೇಳಿದ್ರೆ ನೀವು ಹೂಂ ಅಂತಿದ್ರಿ. ಆ ಹೂಂ ಹೇಗಿರುತ್ತೆ ಅಂತ ನನಗೆ ಗೊತ್ತಿತ್ತು ರೀ. ಅದನ್ನ ಕೇಳಿಸಿಕೊಂಡ ಮೇಲೆ ನನಗೆ ಬೇಕು ಅನ್ನೋಕೆ ಬಾಯಿ ಬರ್ತಿರಲಿಲ್ಲ. ನನಗೆ ಬೇಕಿತ್ತು."

ಇಷ್ಟು ವರ್ಷದ ಸಂಸಾರದಲ್ಲಿ ಆಕೆ ತನಗೇನೋ ಬೇಕೆಂದು ಹೇಳಿದ್ದು ಮೇಷ್ಟ್ರಿಗೆ ನೆನಪಾಗಲಿಲ್ಲ. ಹೊಸ ಪರದೆ ಬೇಕು, ಮಿಕ್ಸಿ ರಿಪೇರಿಯಾಗಬೇಕು ಎಂದದ್ದುಂಟು. ಇದು ಅಂಥ ಬೇಕು ಅಲ್ಲ. ಅವರು ನಲ್ಲಿ ನಿಲ್ಲಿಸಿದರು.

"ನನಗೂ ಬೇಕಿತ್ತು," ಎಂದರು.

"ಗೊತ್ತು. ಕೋಟು ನೋಡಿದಾಗಲೇ ಗೊತ್ತಾಯ್ತು."

ಮೇಷ್ಟ್ರಿಗೆ ನಗು ಬಂತು. ನಗಬಾರದೆಂದುಕೊಂಡರೂ ಬಂತು. ಮೇಡಂ ಕೂಡ ನಕ್ಕರು. ಆದರೆ ನಗು ನಿಂತ ಮೇಲೂ ಸಂಗೀತದ ಟೀಚರಿಗೆ ಕೊಟ್ಟ ಮಾತು ಅಲ್ಲೇ, ಸಿಂಕಿನ ಪಕ್ಕದಲ್ಲೇ, ಉಳಿದಿತ್ತು. ಅದನ್ನು ಏನು ಮಾಡುತ್ತೀರೆಂದು ಮೇಡಂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಹಾಸಿಗೆಯಲ್ಲಿ ಅನ್ನಿಸಿತು.

ಮರುದಿನ ಕ್ಲಾಸು ಮುಗಿಸಿಕೊಂಡು ಅವರು ದೊಡ್ಡಮ್ಮನ ಮನೆಗೆ ಹೋದರು. ಹಳೆಯ ಪ್ರಿನ್ಸಿಪಾಲರು ಬಾಲ್ಕನಿಯಲ್ಲಿ ಪೇಪರು ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಮಾಡುತ್ತಿದ್ದರು. ಎರಡೇ ಕೋಣೆಯ ಆ ಸಣ್ಣ ಮನೆಯಲ್ಲಿ ದೊಡ್ಡಮ್ಮ ಮೊದಲಿಗಿಂತ ದೊಡ್ಡವರಾಗಿ ಕಾಣುತ್ತಿದ್ದರು. ಮೇಷ್ಟ್ರು ನಡೆದದ್ದನ್ನೆಲ್ಲ ಒಪ್ಪಿಸಿದರು. ಅಷ್ಟು ವರ್ಷ ಅದೇ ಅಡುಗೆಮನೆಯಲ್ಲಿ ಅದೇ ಜನರ ಗೋಳು ಕೇಳಿಯೂ ನಿಮಗೆ ಹೀಗಾಗಲಿಲ್ಲವಲ್ಲ, ಅದು ಹೇಗೆ ಎಂದು ಕೇಳಿದರು.

ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಯಾರಿಗೂ ಮಾತು ಕೊಡಲಿಲ್ಲಪ್ಪ. ಚಹಾ ಕೊಟ್ಟೆ."

ಆಮೇಲೆ ನಗು ನಿಲ್ಲಿಸಿ, ತಾನೂ ಮೊದಲ ವರ್ಷ ಒಬ್ಬರಿಗೆ ಮಾತು ಕೊಟ್ಟು ಕೈ ಸುಟ್ಟುಕೊಂಡಿದ್ದೆ ಎಂದರು. ಅದು ಯಾರೆಂದು ಮಾತ್ರ ಹೇಳಲಿಲ್ಲ. ಬಾಲ್ಕನಿಯ ಪೇಪರು ಒಮ್ಮೆ ಅಲುಗಾಡಿತು.

*

ಮಾತು ಕೊಡುವುದು ಎಷ್ಟು ಸುಲಭವಾಗಿತ್ತೋ ವಾಪಸು ತೆಗೆದುಕೊಳ್ಳುವುದು ಅಷ್ಟೇ ಕಷ್ಟವಾಗಿತ್ತು. ಮೇಷ್ಟ್ರು ಸಂಗೀತದ ಕೋಣೆಯ ಬಾಗಿಲಿನವರೆಗೆ ಹೋಗಿ, ಒಳಗೆ ಪಿಯಾನೋ ಕೇಳಿಸುತ್ತಿದೆ, ತೊಂದರೆ ಕೊಡಬಾರದು ಎಂದು ತಮಗೆ ತಾವೇ ಹೇಳಿಕೊಂಡು ವಾಪಸಾದರು. ಇನ್ನೊಮ್ಮೆ ಹೋದಾಗ ಪಿಯಾನೋ ಕೇಳಿಸುತ್ತಿರಲಿಲ್ಲ. ಟೀಚರು ಒಳಗಿಂದಲೇ, ಬನ್ನಿ ಸಾರ್, ನಿನ್ನೆಯೂ ಬಂದು ಹೋದಿರಲ್ಲ ಎಂದರು.

ಮೇಷ್ಟ್ರು ಸುತ್ತಿಬಳಸದೆ ಹೇಳಿದರು. ತಾವು ಕೊಟ್ಟ ಮಾತು ತಮ್ಮದಲ್ಲದ್ದು. ಪ್ರಿನ್ಸಿಪಾಲರು ಏನು ಮಾಡುತ್ತಾರೋ ತಮಗೆ ಗೊತ್ತಿಲ್ಲ, ತಾವು ಕೇಳುವುದೂ ಇಲ್ಲ. ದೊಡ್ಡಸ್ತಿಕೆಗೆ ಹಾಗೆಂದುಬಿಟ್ಟೆ, ಕ್ಷಮಿಸಬೇಕು.

ಟೀಚರು ಪಿಯಾನೋ ಮುಚ್ಚಿದರು. "ನನಗೆ ಅವತ್ತೇ ಗೊತ್ತಿತ್ತು ಸಾರ್. ಆದ್ರೆ ಎಲ್ಲರೂ ಆಗಲ್ಲ ಆಗಲ್ಲ ಅನ್ನೋ ಹೊತ್ತಲ್ಲಿ ಒಬ್ಬರು ಆಗುತ್ತೆ ಅಂದ್ರಲ್ಲ, ಅವತ್ತು ನಿದ್ದೆ ಚೆನ್ನಾಗಿ ಬಂತು." ಹಾಡಿನ ಪುಸ್ತಕಗಳನ್ನು ಜೋಡಿಸಿಡುತ್ತ ಮತ್ತೆ ಹೇಳಿದರು. "ಹೊರಗೆ ಹೇಳಿದ್ದು ನಾನಲ್ಲ. ಅವತ್ತು ಅಡುಗೆಮನೆ ಕಿಟಕಿ ಹತ್ತಿರ ಮಾಲಿ ಇದ್ದ."

ಮುಂದಿನ ಸಭೆಗೆ ಬಿಷಪ್ಪರೂ ಬಂದು ಮೂಲೆಯಲ್ಲಿ ಕೂತರು. ಮೇಡಂ ಎದ್ದು ನಿಂತು, ಎರಡು ವಾರ ತಾವು ಎಲ್ಲ ತರಗತಿಗಳಲ್ಲೂ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದಾಗಿ ಹೇಳಿದರು. ಅದು ನಿಜ. ಅವರು ಬಂದು ಕೂತ ಮೇಲೆ ಎಷ್ಟೋ ಮಂದಿ ಮೊದಲ ಸಲ ಪಾಠ ತಯಾರಿ ಮಾಡಿಕೊಂಡು ಬರತೊಡಗಿದ್ದರು. ಸಂಗೀತದ ಪದವಿಗೆ ಮೂವರಿದ್ದಾರೆ, ಅವರು ಮುಗಿಸಿದ ಮೇಲೆ ಆ ಪದವಿ ಇರುವುದಿಲ್ಲ ಎಂದರು ಮೇಡಂ. ಮಂಡಳಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ಮನುಷ್ಯ ಸುತ್ತಲೂ ಬೆಳೆಯಬೇಕೆಂದು ನಾವು ಹೇಳುತ್ತೇವೆ. ಬೆಳಗಿನ ಪ್ರಾರ್ಥನೆಯ ಹಾಡು ಕೇಳಿದರೆ ಯಾರೂ ಆ ಕಡೆಗೆ ಬೆಳೆದ ಹಾಗೆ ಕಾಣುವುದಿಲ್ಲ. ಆದ್ದರಿಂದ ಬರುವ ವರ್ಷದಿಂದ ಮೊದಲ ವರ್ಷದವರೆಲ್ಲರೂ, ಕಾಮರ್ಸಿನವರೂ ಕಂಪ್ಯೂಟರಿನವರೂ ಸೇರಿ, ವಾರಕ್ಕೊಂದು ಗಂಟೆ ಸಂಗೀತ ಕಲಿಯಬೇಕು. ಕೋಣೆ ಟೀಚರದೇ.

ಸಂಗೀತದ ಟೀಚರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ತತ್ವಶಾಸ್ತ್ರದವರು ಆ ಒಂದು ಗಂಟೆ ಎಲ್ಲಿಂದ ಬರುತ್ತದೆಂದು ಕೇಳಿದರು.

"ಇತಿಹಾಸದಿಂದ," ಎಂದರು ಮೇಡಂ. "ಅವರಿಗೆ ನಾಲ್ಕು ಗಂಟೆ ಇದೆ. ಮೂರು ಸಾಕು."

ಸಭೆಯಲ್ಲಿದ್ದ ಅಷ್ಟೂ ತಲೆಗಳು ಮೇಷ್ಟ್ರ ಕಡೆಗೆ ತಿರುಗಿದವು. ಹೆಂಡತಿ ಈ ಬಗ್ಗೆ ಮನೆಯಲ್ಲಿ ಒಂದಕ್ಷರವನ್ನೂ ಆಡಿರಲಿಲ್ಲ. ಮೇಷ್ಟ್ರ ಮುಖ ಕೆಂಪಾಯಿತು. ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೇಡಂ, ತಾವು ಹೇಳಿದ್ದನ್ನು ನಾನು ಒಪ್ಪುವುದಿಲ್ಲ ಎಂದರು. ಆಮೇಲೆ ಇತಿಹಾಸ ಯಾಕೆ ನಾಲ್ಕು ಗಂಟೆಯೇ ಇರಬೇಕೆಂದು ಉದ್ದಕ್ಕೆ ವಾದ ಮಾಡಿದರು. ಸಾಮ್ರಾಜ್ಯಗಳನ್ನು ಕರೆತಂದರು, ಬೇಸಾಯದ ಹುಟ್ಟನ್ನು ಕರೆತಂದರು, ಅಚ್ಚಿನ ಯಂತ್ರವನ್ನೂ ಬಿಡಲಿಲ್ಲ. ಅಷ್ಟು ಚೆನ್ನಾಗಿ ಅವರು ತರಗತಿಯಲ್ಲೂ ಮಾತಾಡಿದ್ದಿಲ್ಲ. ಮೇಡಂ ಮುಖವೆತ್ತಿ ಕೊನೆಯವರೆಗೂ ಕೇಳಿದರು. ನಡುವೆ ಒಮ್ಮೆ ಬಿಷಪ್ಪರು ತಲೆಯಾಡಿಸಿದರು. ಅದು ಒಪ್ಪಿಗೆಯೋ ತೂಕಡಿಕೆಯೋ ಗೊತ್ತಾಗಲಿಲ್ಲ.

ಕೈಯೆತ್ತಿಸಿ ಎಣಿಸಿದರು. ಮೇಷ್ಟ್ರು ಸೋತರು. ಅವರ ಪರವಾಗಿ ಎತ್ತಿದ ಕೈಗಳಲ್ಲಿ ಪಾದ್ರಿಗಳದೂ ಒಂದು, ತತ್ವಶಾಸ್ತ್ರದವರದೂ ಒಂದು. ಇಬ್ಬರೂ ಒಂದೇ ಕಡೆ ಕೈಯೆತ್ತಿದ್ದು ಇಬ್ಬರಿಗೂ ತಡವಾಗಿ ಗೊತ್ತಾಗಿ, ಇಬ್ಬರೂ ಗಡಿಬಿಡಿಯಿಂದ ಕೈ ಇಳಿಸಿದರು. ಅಷ್ಟರಲ್ಲಿ ಎಣಿಕೆ ಮುಗಿದಿತ್ತು.

ಹೊರಗೆ ಬಂದಾಗ ತತ್ವಶಾಸ್ತ್ರದವರು ಮೇಷ್ಟ್ರ ಪಕ್ಕಕ್ಕೆ ಸರಿದು, ಅಡುಗೆಮನೆಯ ಬಗ್ಗೆ ಅವತ್ತು ಹಾಗೆ ಹೇಳಬಾರದಿತ್ತು ಎಂದು ಗೊಣಗಿದರು. ಮನೆಯಲ್ಲಿ ಒಂದು ಮಾತನ್ನೂ ಕೇಳದೆ ಗಂಡನ ಗಂಟೆಗೇ ಕತ್ತರಿ ಹಾಕುವ ಪ್ರಿನ್ಸಿಪಾಲರನ್ನು ಅವರು ಹಿಂದೆ ನೋಡಿರಲಿಲ್ಲವಂತೆ. ಮೇಷ್ಟ್ರು ತಾನೂ ನೋಡಿರಲಿಲ್ಲ ಎಂದರು. ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು. ಅದು ಅವರಿಗೇ ಆಶ್ಚರ್ಯವಾಯಿತು.

*

ಹೊಸ ವರ್ಷದ ತರಗತಿಗಳು ಶುರುವಾದಾಗ ಸಂಗೀತದ ಕೋಣೆಯಿಂದ ಎದ್ದ ಸದ್ದನ್ನು ಕಾಲೇಜು ಅಲ್ಲಿಯವರೆಗೆ ಕೇಳಿರಲಿಲ್ಲ. ದನಿ ಒಡೆದು ಇನ್ನೂ ನೆಲೆ ನಿಲ್ಲದ ಕಾಮರ್ಸಿನ ಹುಡುಗರು ಒಟ್ಟಿಗೆ ಬಾಯಿ ತೆರೆದಾಗ, ತೋಟದಲ್ಲಿ ಮೇಯುತ್ತಿದ್ದ ಹಸುವೊಂದು ತಲೆಯೆತ್ತಿ ಉತ್ತರ ಕೊಟ್ಟಿತು. ಟೀಚರು ಸುಸ್ತಾಗಿ, ದನಿ ಕಟ್ಟಿ, ಮೊದಲಿಗಿಂತ ಹತ್ತು ವರ್ಷ ಚಿಕ್ಕವರಾಗಿ ಓಡಾಡುತ್ತಿದ್ದರು. ಕಂಪ್ಯೂಟರಿನ ಒಬ್ಬ ದಪ್ಪ ಕನ್ನಡಕದ ಹುಡುಗಿಯ ದನಿ ಇಂಥದ್ದೆಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಅವಳು ಮೊದಲ ಸಲ ಒಬ್ಬಳೇ ಹಾಡಿದ ದಿನ ಪಕ್ಕದ ತರಗತಿಗಳಲ್ಲಿ ಪಾಠ ಮಾಡುತ್ತಿದ್ದವರು ಮಾತು ನಿಲ್ಲಿಸಿ ನಿಂತರು.

ಮೇಷ್ಟ್ರಿಗೆ ಮಾತ್ರ ತಲೆಬಿಸಿ ಶುರುವಾಯಿತು. ಮೂರು ಗಂಟೆಯಲ್ಲಿ ಮನುಷ್ಯನ ಇಡೀ ಇತಿಹಾಸ ಹಿಡಿಸುತ್ತಿರಲಿಲ್ಲ. ಒಂದು ಶತಮಾನವನ್ನಾದರೂ ಬಿಡಲೇಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಅವರು ಅದನ್ನೇ ತೆಗೆದರು. ಯಾವುದನ್ನು ಬಿಡಲಿ ಹೇಳು, ನೀನು ತಾನೇ ಕತ್ತರಿ ಹಾಕಿದವಳು ಎಂದರು. ಮೇಡಂ ಯೋಚಿಸಿ, ಹದಿನಾಲ್ಕನೆಯದು ಬಿಟ್ಟರೆ ಏನಾಗುತ್ತದೆ ಎಂದರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕನೆಯದನ್ನು ಬಿಟ್ಟರೆ ಹದಿನೈದನೆಯದು ಗಾಳಿಯಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದರು. ಹಾಗಾದರೆ ಹದಿನೇಳನೆಯದು ಎಂದರು ಮೇಡಂ. ಹದಿನೇಳನೆಯದು ಇಲ್ಲದಿದ್ದರೆ ನಿನ್ನ ರಸಾಯನಶಾಸ್ತ್ರವೇ ಹುಟ್ಟುತ್ತಿರಲಿಲ್ಲ ಎಂದರು ಮೇಷ್ಟ್ರು. ಅದು ಹೌದಲ್ಲ ಎಂದು ಮೇಡಂ ತಣ್ಣಗಾಗಿ, ಅದನ್ನು ಉಳಿಸಿಕೊಂಡು ಹನ್ನೊಂದನೆಯದರ ಮೇಲೆ ಕಣ್ಣು ಹಾಕಿದರು. ಸೂಪು ಆರಿಹೋಯಿತು. ಇಬ್ಬರೂ ಚಮಚ ಹಿಡಿದುಕೊಂಡು ಶತಮಾನಗಳನ್ನು ಎಳೆದಾಡುತ್ತಿದ್ದರು.

ಅತ್ತೆ ಬ್ರೆಡ್ಡಿನ ತುಂಡಿನಿಂದ ತಮ್ಮ ತಟ್ಟೆಯನ್ನು ಚೊಕ್ಕಟ ಮಾಡಿ, ನೀರು ಕುಡಿದು, ಎದ್ದರು.

"ಯಾವುದನ್ನಾದ್ರೂ ಬಿಡಿ ಅಳಿಯಂದಿರೇ," ಎಂದರು. "ನಾನು ಹುಟ್ಟಿದ ಶತಮಾನ ಮಾತ್ರ ಬಿಡಬೇಡಿ. ನಾನಿನ್ನೂ ಅದನ್ನ ಪೂರ್ತಿ ಮುಗಿಸಿಲ್ಲ."